ವಿಂಡೋಸೋ, ಮ್ಯಾಕೋ, ಲಿನಕ್ಸೋ: ಅಂಗಡಿಗೆ ಹೋಗುವ ಮುಂಚೆ

(ನಮ್ಮ ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಪಿಯುಸಿ ಮುಗಿಸಿದ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಕೆಲವು ನಿವೃತ್ತ ಮೇಷ್ಟ್ರುಗಳು ಬಂದಿದ್ದರು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಲ್ಯಾಪ್‌ಟಾಪ್ ಅಂಗಡಿಗೆ ಹೋದರೆ ಮೊದಲು ಕೇಳುವುದು "ಬಜೆಟ್ ಎಷ್ಟು ಸರ್?" ಅಂತ. ಆಮೇಲೆ ಪ್ರೊಸೆಸರ್, ರ‍್ಯಾಮ್, ಸ್ಕ್ರೀನ್ ಎಷ್ಟು ಇಂಚು. "ಇದರಲ್ಲಿ ಏನು ಕೆಲಸ ಮಾಡ್ತೀರಿ?" ಅಂತ ಕೇಳುವವರು ತುಂಬಾ ಕಡಿಮೆ. ನಾವೂ ಹೇಳುವುದಿಲ್ಲ.

ನಮ್ಮ ಬೀದಿಯ ಒಬ್ಬ ಹುಡುಗಿ ಬಿ.ಕಾಂ ಸೇರಿದಳು. ಅವರಪ್ಪ ಆ ವರ್ಷ ಅಡಿಕೆ ಮಾರಿದ ದುಡ್ಡಿನಲ್ಲಿ ಅವಳಿಗೆ ಮ್ಯಾಕ್‌ಬುಕ್ ಕೊಡಿಸಿದರು. ಮಗಳಿಗೆ ಒಳ್ಳೆಯದನ್ನೇ ಕೊಡಿಸಬೇಕು ಅನ್ನುವ ಆಸೆ. ಯಂತ್ರ ನಿಜವಾಗಿಯೂ ಒಳ್ಳೆಯದೇ. ಆದರೆ ಎರಡನೇ ಸೆಮಿಸ್ಟರ್‌ಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಕಲಿಯಬೇಕಾಗಿ ಬಂತು. ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತಿತ್ತು. ಅವಳು ಕಾಲೇಜಿನ ಲ್ಯಾಬ್ ಖಾಲಿಯಾಗುವವರೆಗೆ ಕಾದು, ಸಂಜೆ ಕೊನೆಯ ಬಸ್ಸು ಹಿಡಿದು ಮನೆಗೆ ಬರುತ್ತಿದ್ದಳು. ಮನೆಯಲ್ಲಿ ಅಷ್ಟು ದುಡ್ಡಿನ ಲ್ಯಾಪ್‌ಟಾಪ್ ಸುಮ್ನೆ ಕೂತಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ಅಷ್ಟೇ. ಅವತ್ತಿನಿಂದ ಯಾರಾದರೂ ಲ್ಯಾಪ್‌ಟಾಪ್ ಬಗ್ಗೆ ಕೇಳಿದರೆ ನಾನು ಮೊದಲು ಓಎಸ್ ಬಗ್ಗೆಯೇ ಮಾತಾಡುತ್ತೇನೆ.

ಓಎಸ್ ಅಂದರೆ ಆಪರೇಟಿಂಗ್ ಸಿಸ್ಟಮ್. ಮದುವೆ ಮನೆಯಲ್ಲಿ ಉಸ್ತುವಾರಿ ನೋಡಿಕೊಳ್ಳುವ ಒಬ್ಬ ಚಿಕ್ಕಪ್ಪ ಇರುತ್ತಾರಲ್ವಾ? ಅಡುಗೆಯವರಿಗೆ ಸಾಮಾನು ಕೊಡಿಸುವುದು, ಬಂದವರನ್ನು ಪಂಕ್ತಿಗೆ ಕೂರಿಸುವುದು, ಉಗ್ರಾಣದ ಬೀಗದ ಕೈ ಇಟ್ಟುಕೊಳ್ಳುವುದು ಎಲ್ಲ ಅವರದ್ದೇ. ಕಂಪ್ಯೂಟರ್ ಒಳಗೆ ಓಎಸ್ ಮಾಡುವುದು ಅದನ್ನೇ. ಯಾವ ತಂತ್ರಾಂಶಕ್ಕೆ ಎಷ್ಟು ಮೆಮೊರಿ, ಪ್ರಿಂಟರ್ ಜೊತೆ ಯಾರು ಮಾತಾಡಬೇಕು, ಫೈಲು ಎಲ್ಲಿಡಬೇಕು, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್, ಆಪಲ್ ಕಂಪನಿಯ ಮ್ಯಾಕ್, ಉಚಿತವಾಗಿ ಸಿಗುವ ಲಿನಕ್ಸ್, ನಾವು ಇವತ್ತು ಮಾತಾಡುವುದು ಈ ಮೂರು ಓಎಸ್ ಬಗ್ಗೆ. ಒಂದು ಮನೆಯ ಚಿಕ್ಕಪ್ಪನ ಲೆಕ್ಕ ಇನ್ನೊಂದು ಮನೆಯಲ್ಲಿ ನಡೆಯುವುದಿಲ್ಲ. ಹಾಗೆಯೇ ವಿಂಡೋಸ್‌ಗೆ ಬರೆದ ತಂತ್ರಾಂಶ ಮ್ಯಾಕ್‌ನಲ್ಲಿ ನೇರವಾಗಿ ಓಡುವುದಿಲ್ಲ.

ಅದಕ್ಕೇ ಮನೆಯಿಂದ ಹೊರಡುವ ಮುಂಚೆ ಒಂದು ಚೀಟಿ ಬರೆದುಕೊಳ್ಳಿ. ಮುಂದಿನ 4 ವರ್ಷ ಈ ಲ್ಯಾಪ್‌ಟಾಪ್‌ನಲ್ಲಿ ಯಾವ ಯಾವ ತಂತ್ರಾಂಶ ಬೇಕು? ಕಾಲೇಜಿನ ಸೀನಿಯರ್‌ಗಳನ್ನು ಕೇಳಿ, ಆಫೀಸಿನವರನ್ನು ಕೇಳಿ. ಆ ಚೀಟಿಯಲ್ಲಿ ವಿಂಡೋಸ್ ಬಿಟ್ಟರೆ ಓಡದ ಒಂದೇ ಒಂದು ಹೆಸರು ಇದ್ದರೂ ಆಯ್ಕೆ ಅಲ್ಲಿಗೇ ಮುಗಿಯಿತು.

ಲೆಕ್ಕಪತ್ರದ ಟ್ಯಾಲಿ ಅಂಥ ಹೆಸರು. ಮೆಕ್ಯಾನಿಕಲ್‌ನವರ ಸಾಲಿಡ್‌ವರ್ಕ್ಸ್, ಸಿವಿಲ್ ಮತ್ತು ಆರ್ಕಿಟೆಕ್ಚರ್‌ನವರ ರೆವಿಟ್ ಕೂಡ ಹಾಗೆಯೇ. ನಕ್ಷೆ ಬಿಡಿಸುವ ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿ ಇದೆ, ಲಿನಕ್ಸ್‌ಗೆ ಇಲ್ಲ. ಇನ್ನು ಜಿಎಸ್‌ಟಿ, ಟೆಂಡರ್ ಕೆಲಸ ಮಾಡುವವರು ಡಿಜಿಟಲ್ ಸಹಿಗೆ ಒಂದು ಪುಟ್ಟ ಯುಎಸ್‌ಬಿ ಟೋಕನ್ ಇಟ್ಟುಕೊಂಡಿರುತ್ತಾರೆ. ಅದರ ಡ್ರೈವರ್, ಅಂದರೆ ಅದನ್ನು ಓಎಸ್‌ಗೆ ಪರಿಚಯಿಸುವ ಚಿಕ್ಕ ತಂತ್ರಾಂಶ, ನಿಮ್ಮ ಓಎಸ್‌ಗೆ ಸಿಗುತ್ತದಾ ಅಂತ ಟೋಕನ್ ಕೊಟ್ಟವರನ್ನೇ ಕೇಳಿ. ವಿಂಡೋಸ್ ಇದ್ದರೆ ಈ ತಲೆನೋವು ಕಡಿಮೆ.

ವಿಂಡೋಸ್ ಅಂದಾಗ ಕೆಲವು ಮಾತು ವಿವರವಾಗಿ ಹೇಳಬೇಕು. ಇಲ್ಲಿ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದನ್ನು ನೋಡಿದ್ದೇನೆ.

ಅಂಗಡಿಯಲ್ಲಿ ಕೆಲವು ಲ್ಯಾಪ್‌ಟಾಪ್‌ಗಳನ್ನು "ಡಾಸ್ ಮಾಡೆಲ್, 5 ಸಾವಿರ ಕಡಿಮೆ" ಅಂತ ತೋರಿಸುತ್ತಾರೆ. ಅಂದರೆ ಅದರ ಜೊತೆ ವಿಂಡೋಸ್ ಲೈಸೆನ್ಸ್ ಬರುವುದಿಲ್ಲ. "ವಿಂಡೋಸ್ ನಾವೇ ಹಾಕಿಕೊಡ್ತೀವಿ" ಅಂತಲೂ ಹೇಳುತ್ತಾರೆ. ಅದಕ್ಕೆ ಬಿಲ್ಲಿನಲ್ಲಿ ಲೈಸೆನ್ಸ್ ಅಂತ ನಮೂದಿಸಿಲ್ಲದಿದ್ದರೆ ಅದು ಹೆಚ್ಚಾಗಿ ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಇಲ್ಲದೆಯೇ ಓಡುವ ಹಾಗೆ ಮಾಡಿದ ಕಳ್ಳ ಪ್ರತಿ. ಕ್ರ್ಯಾಕ್ ಮಾಡುವ ಆ ಚಿಕ್ಕ ಪ್ರೋಗ್ರಾಂ ಓಡಬೇಕಾದರೆ ಆಂಟಿವೈರಸ್ ಆಫ್ ಮಾಡುತ್ತಾರೆ. ಮನೆಯ ಬಾಗಿಲು ತೆಗೆದಿಟ್ಟು, ಗುರುತಿಲ್ಲದವನನ್ನು ಒಳಗೆ ಕೂರಿಸಿದ ಹಾಗೆ. ಅದೇ ಲ್ಯಾಪ್‌ಟಾಪ್‌ನಲ್ಲಿ ನೀವು ನಾಳೆ ಬ್ಯಾಂಕಿನ ಪಾಸ್‌ವರ್ಡ್ ಹಾಕುತ್ತೀರಿ. ಡಾಸ್ ಮಾಡೆಲ್ ತೆಗೆದುಕೊಳ್ಳುವುದಾದರೆ ಲಿನಕ್ಸ್ ಹಾಕಿಕೊಳ್ಳುವ ಉದ್ದೇಶದಿಂದ ತೆಗೆದುಕೊಳ್ಳಿ. ಆಗ ಅದು ಬಹಳ ಒಳ್ಳೆಯ ವ್ಯಾಪಾರ.

ವಿಂಡೋಸ್ ಜೊತೆಗೇ ಬರುವ ಲ್ಯಾಪ್‌ಟಾಪ್‌ನಲ್ಲಿ ಲೈಸೆನ್ಸ್ ಕೀ ಮದರ್‌ಬೋರ್ಡ್ ಒಳಗೇ ಇರುತ್ತದೆ. ವಿಂಡೋಸ್ 8ರ ಕಾಲದಿಂದ ಹೀಗಿದೆ. ಒಂದು ದಿನ ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿದಿರಿ, ಎರಡು ವರ್ಷ ಬಿಟ್ಟು ಮತ್ತೆ ವಿಂಡೋಸ್ ಬೇಕೆನಿಸಿತು ಅಂದುಕೊಳ್ಳಿ. ಅದೇ ಆವೃತ್ತಿಯನ್ನು ಮತ್ತೆ ಹಾಕಿದರೆ ತಾನೇ ಆ ಕೀ ಓದಿಕೊಂಡು ಆಕ್ಟಿವೇಟ್ ಆಗುತ್ತದೆ. ಕೊಟ್ಟ ದುಡ್ಡು ಎಲ್ಲೂ ಹೋಗುವುದಿಲ್ಲ.

"ಎಂಎಸ್ ಆಫೀಸ್ ಫ್ರೀ ಇದೆ" ಅನ್ನುವ ಮಾತನ್ನೂ ಬಿಡಿಸಿ ಕೇಳಿ. ಒಂದು ಬಗೆಯದ್ದನ್ನು ಒಮ್ಮೆ ಕೊಂಡರೆ ಆ ಲ್ಯಾಪ್‌ಟಾಪ್ ಇರುವಷ್ಟು ದಿನ ಬಳಸಬಹುದು. 365 ಅನ್ನುವುದು ವರ್ಷದ ಚಂದಾ. ಒಂದು ವರ್ಷ ಜೊತೆಗೆ ಕೊಟ್ಟಿರುತ್ತಾರೆ, ಆಮೇಲೆ ಕಟ್ಟಬೇಕು. ಕಾಲೇಜಿನ ವರದಿ, ಸಾಮಾನ್ಯ ಲೆಕ್ಕದ ಪಟ್ಟಿ ಇಷ್ಟೇ ಬೇಕಿದ್ದರೆ ಲಿಬ್ರೆಆಫೀಸ್ ಸಾಕು. ಅದು ಮೂರೂ ಓಎಸ್‌ಗಳಲ್ಲಿ ಓಡುತ್ತದೆ, ಕಾಸು ಕೊಡಬೇಕಿಲ್ಲ.

ಇನ್ನೊಂದು ವಿಷಯ ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಡಿಸ್ಕ್ ಪೂರ್ತಿ ತಾನಾಗಿಯೇ ಬೀಗ ಹಾಕಿಕೊಳ್ಳುವುದು ಸಾಮಾನ್ಯ. ಕಳ್ಳರ ಕೈಗೆ ಸಿಕ್ಕರೂ ಫೈಲು ಓದಲಾಗದು, ಅದು ಒಳ್ಳೆಯದೇ. ಆ ಬೀಗಕ್ಕೆ 48 ಅಂಕಿಯ ಒಂದು ರಿಕವರಿ ಕೀ ಇರುತ್ತದೆ, ಅದು ಆ ಅಕೌಂಟ್‌ನಲ್ಲಿ ಉಳಿಯುತ್ತದೆ. ನನಗೆ ಗೊತ್ತಿರುವ ಒಬ್ಬ ಉಪನ್ಯಾಸಕರಿಗೆ ಅಂಗಡಿಯವರೇ "ಸೆಟಪ್ ಮಾಡಿಕೊಡ್ತೀವಿ" ಅಂತ ತಮ್ಮದೇ ಇಮೇಲ್ ಹಾಕಿ ಲ್ಯಾಪ್‌ಟಾಪ್ ತೆರೆದುಕೊಟ್ಟಿದ್ದರು. ವರ್ಷದ ಮೇಲೆ ಯಾವುದೋ ರಿಪೇರಿಗೆ ಬಿಚ್ಚಿದಾಗ ಲ್ಯಾಪ್‌ಟಾಪ್ ಆ ಕೀ ಕೇಳಿತು. ಅಂಗಡಿಯಲ್ಲಿದ್ದ ಹುಡುಗ ಕೆಲಸ ಬಿಟ್ಟು ಹೋಗಿದ್ದ. ಅವರ ಪಿಎಚ್‌ಡಿ ಪ್ರಬಂಧದ ಎರಡು ಅಧ್ಯಾಯ ಒಳಗೇ ಉಳಿದವು. ದಯವಿಟ್ಟು ಮೊದಲ ಸಲ ಆನ್ ಮಾಡುವುದನ್ನು ನೀವೇ ಮಾಡಿ, ನಿಮ್ಮದೇ ಇಮೇಲ್ ಹಾಕಿ. ಆ ರಿಕವರಿ ಕೀಯನ್ನು ಒಂದು ಹಾಳೆಯಲ್ಲಿ ಬರೆದು, ಮನೆಯ ಪತ್ರಗಳ ಜೊತೆ ಇಡಿ. ಫೈಲುಗಳ ಒಂದು ಪ್ರತಿ ಬೇರೆ ಕಡೆಯೂ ಇರಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೊಂದು ದಿನಾಂಕ ನೆನಪಿಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ "ಐ5 ಇದೆ, 12 ಸಾವಿರ" ಅಂದ ತಕ್ಷಣ ಖುಷಿಪಡಬೇಡಿ. ಐ5 ಅನ್ನುವ ಇಂಟೆಲ್ ಪ್ರೊಸೆಸರ್ 2009ರಿಂದಲೇ ಇದೆ. ಅದರ ಪಕ್ಕದ ಸಂಖ್ಯೆ ನೋಡಿ. 8250 ಅಂದರೆ 8ನೇ ತಲೆಮಾರು, 6200 ಅಂದರೆ 6ನೆಯದು. 6ನೆಯದು ಕೆಟ್ಟ ಯಂತ್ರ ಅಂತಲ್ಲ, ಲಿನಕ್ಸ್‌ಗೆ ಸೊಗಸಾಗಿದೆ. ವಿಂಡೋಸ್‌ಗೆ ಮಾತ್ರ ಅದರ ಕಾಲ ಮುಗಿಯಿತು.

ಮ್ಯಾಕ್ ವಿಷಯ ಇಷ್ಟು ಉದ್ದ ಇಲ್ಲ. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ ಹಾಕಿದ ಲ್ಯಾಪ್‌ಟಾಪ್ ತಂದಿತು. ಅಲ್ಲಿಂದ ಬ್ಯಾಟರಿ ದಿನವಿಡೀ ಬರುತ್ತದೆ, ಏರ್ ಮಾಡೆಲ್‌ನಲ್ಲಿ ಫ್ಯಾನೇ ಇಲ್ಲ. ವಿಡಿಯೋ ಎಡಿಟಿಂಗ್, ಸಂಗೀತ ರೆಕಾರ್ಡಿಂಗ್ ಮಾಡುವವರಿಗೆ ಇದು ನಿಜಕ್ಕೂ ಸುಖ. ಐಫೋನ್ ಆ್ಯಪ್ ಬರೆದು ಕಳಿಸಬೇಕು ಅನ್ನುವವರಿಗಂತೂ ಮ್ಯಾಕ್ ಬೇಕೇ ಬೇಕು, ಅದಕ್ಕೆ ಬೇಕಾದ ಆಪಲ್‌ನ ಎಕ್ಸ್‌ಕೋಡ್ ತಂತ್ರಾಂಶ ಬೇರೆಲ್ಲೂ ಓಡುವುದಿಲ್ಲ. 2013ರಿಂದ ಓಎಸ್‌ನ ಹೊಸ ಆವೃತ್ತಿಗೆ ಆಪಲ್ ದುಡ್ಡು ಕೇಳುತ್ತಿಲ್ಲ. ಆದರೆ ಕೊಂಡ ಮೇಲೆ ರ‍್ಯಾಮ್ ಹೆಚ್ಚಿಸಲು ಆಗುವುದಿಲ್ಲ. ಹಳೆಯ ಇಂಟೆಲ್ ಮ್ಯಾಕ್ ಅಗ್ಗಕ್ಕೆ ಸಿಗುತ್ತದೆ ಅಂತ ಹೋಗಬೇಡಿ, 2025ರ ಟಾಹೋ ಆವೃತ್ತಿಯೇ ಅವಕ್ಕೆ ಕೊನೆಯದು ಅಂತ ಆಪಲ್ ಹೇಳಿಯಾಗಿದೆ. ಮತ್ತೊಂದು ಮಾತು, ನಮ್ಮಂಥ ತಾಲ್ಲೂಕು ಊರಿನವರಿಗೆ: ಸ್ಕ್ರೀನ್ ಒಡೆದರೆ ಸರ್ವಿಸ್ ಸೆಂಟರ್ ಎಷ್ಟು ದೂರ? ಎರಡು ಸಲ ಬೆಂಗಳೂರಿಗೋ ಮಂಗಳೂರಿಗೋ ಓಡಾಡುವ ಬಸ್ಸಿನ ಖರ್ಚು, ಹೋದ ದಿನದ ಕೂಲಿ, ಅದನ್ನೂ ಬೆಲೆಗೆ ಸೇರಿಸಿ ನೋಡಿ.

ಲಿನಕ್ಸ್ ನನ್ನ ಪ್ರೀತಿಯ ವಿಷಯ. ಅದನ್ನು ಮುಚ್ಚಿಡುವುದಿಲ್ಲ.

1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಅನ್ನುವ 21ರ ಹುಡುಗ ಇದನ್ನು ಶುರುಮಾಡಿದರು. ಲೋಕದ ತುಂಬ ಜನ ಸೇರಿಕೊಂಡು ಬೆಳೆಸಿದರು. ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. 2004ರಲ್ಲಿ ಉಬುಂಟು ಅನ್ನುವ ಲಿನಕ್ಸ್ ಆವೃತ್ತಿ ಬಂತು. ಆಗ ಇಂಟರ್ನೆಟ್ ನಿಧಾನ ಅಂತ ಅವರು ಕೇಳಿದವರಿಗೆಲ್ಲ ಸಿಡಿಯನ್ನು ಅಂಚೆಯಲ್ಲಿ ಉಚಿತವಾಗಿ ಕಳಿಸುತ್ತಿದ್ದರು. ನಮ್ಮ ಮನೆಗೂ ಹಾಗೆ ಒಂದು ಲಕೋಟೆ ಬಂದಿತ್ತು. ಪೋಸ್ಟ್‌ಮ್ಯಾನ್ "ಫಾರಿನ್‌ನಿಂದ ಬಂದಿದೆ" ಅಂತ ಬಾಗಿಲಲ್ಲೇ ನಿಂತು, ನಾನು ಬಿಚ್ಚುವುದನ್ನು ನೋಡಿದ್ದರು. ಒಂದು ಪೈಸೆ ಕೊಡದೆ, ಕದಿಯದೆ, ಇಡೀ ಓಎಸ್ ಕೈಗೆ ಬಂದ ಆ ದಿನವನ್ನು ನಾನು ಮರೆಯುವುದಿಲ್ಲ.

ಪಕ್ಕದ ಕೇರಳ ನೋಡಿ. ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಕೈಟ್ ಅನ್ನುವ ಸರ್ಕಾರಿ ಸಂಸ್ಥೆ ಶಾಲೆಗಳಿಗೆಂದೇ ಉಬುಂಟು ಮೇಲೆ ಒಂದು ಆವೃತ್ತಿ ಮಾಡಿ ಕೊಡುತ್ತದೆ. "ಲಿನಕ್ಸ್ ಕಷ್ಟ" ಅಂತ ಹೇಳುವವರಿಗೆ ನಾನು ಕೊಡುವ ಉತ್ತರ ಆ ಮಕ್ಕಳು.

ಕಂಪ್ಯೂಟರ್ ಸೈನ್ಸ್ ಓದುವವರಿಗೆ, ಪ್ರೋಗ್ರಾಮಿಂಗ್ ಕಲಿಯುವವರಿಗೆ, ಬ್ರೌಸರ್‌ನಲ್ಲೇ ಎಲ್ಲ ಕೆಲಸ ಮುಗಿಯುವವರಿಗೆ, ಹಳೆಯ ಲ್ಯಾಪ್‌ಟಾಪ್‌ಗೆ ಜೀವ ಕೊಡಬೇಕು ಅನ್ನುವವರಿಗೆ ಲಿನಕ್ಸ್ ಚೆನ್ನಾಗಿ ಹೊಂದುತ್ತದೆ. ಹೊಸಬರಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನ ಎಲ್‌ಟಿಎಸ್ ಆವೃತ್ತಿ ಸಾಕು. ಎಲ್‌ಟಿಎಸ್ ಅಂದರೆ ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ, ಎರಡು ವರ್ಷಕ್ಕೊಮ್ಮೆ ಬರುತ್ತದೆ, 5 ವರ್ಷ ಅಪ್‌ಡೇಟ್ ಸಿಗುತ್ತದೆ. ಇದರಲ್ಲಿ ಇರುವ ದೊಡ್ಡ ಅನುಕೂಲ ಏನಂದರೆ ಹಾಕುವ ಮುಂಚೆಯೇ ಓಡಿಸಿ ನೋಡಬಹುದು. ಪೆನ್‌ಡ್ರೈವ್‌ಗೆ ಬರೆದುಕೊಂಡು, ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ. ವೈಫೈ ಹಿಡಿಯುತ್ತದಾ? ಧ್ವನಿ ಬರುತ್ತದಾ? ಪ್ರಿಂಟರ್ ಕಾಣುತ್ತದಾ? ಸರಿ ಅನಿಸದಿದ್ದರೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರಾಯಿತು, ಒಳಗಿದ್ದದ್ದು ಹಾಗೇ ಇರುತ್ತದೆ.

ಗೂಗಲ್‌ನ ಓಎಸ್ ಇರುವ ಕ್ರೋಮ್‌ಬುಕ್ ಲ್ಯಾಪ್‌ಟಾಪ್ ಬಗ್ಗೆ ಒಂದೇ ಮಾತು. ಚಿಕ್ಕ ಮಕ್ಕಳ ಆನ್‌ಲೈನ್ ಪಾಠಕ್ಕೆ ಸರಿ, ಪದವಿಗೆ ಸೇರುವವರಿಗೆ ನಾನು ಹೇಳುವುದಿಲ್ಲ. ಸ್ನ್ಯಾಪ್‌ಡ್ರಾಗನ್ ಚಿಪ್‌ನ ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಚೆನ್ನಾಗಿದೆ. ಆದರೆ ನಿಮ್ಮ ಹಳೆಯ ಪ್ರಿಂಟರ್‌ಗೂ ಸಹಿಯ ಟೋಕನ್‌ಗೂ ಆ ಚಿಪ್‌ಗೆಂದೇ ಬರೆದ ಡ್ರೈವರ್ ಬೇಕು. ಅದು ಖಚಿತವಾಗದೆ ಕೊಳ್ಳಬೇಡಿ.

ಈಗ ನಮ್ಮ ಮಾತಿಗೆ ಬರೋಣ. ಕನ್ನಡ.

ಇಲ್ಲಿ ಕೂತಿರುವ ಮೇಷ್ಟ್ರುಗಳಲ್ಲಿ ಹಲವರು ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದವರು. ಒಬ್ಬ ಹಿರಿಯರು 300 ಪುಟದ ಸ್ಥಳನಾಮಗಳ ಸಂಗ್ರಹವನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದರು. ವಿದೇಶದಲ್ಲಿರುವ ಮಗ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟ. ಫೈಲು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. "ಹತ್ತು ವರ್ಷದ ಕೆಲಸ ಹೋಯಿತಲ್ಲಪ್ಪ" ಅಂತ ಫೋನ್ ಮಾಡಿದರು, ದನಿ ನಡುಗುತ್ತಿತ್ತು.

ಹೋಗಿರಲಿಲ್ಲ. ಆಗಿದ್ದೇನೆಂದರೆ, ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಫೈಲಿನ ಒಳಗೆ ಇದ್ದದ್ದು ಇಂಗ್ಲಿಷ್ ಸಂಕೇತಗಳೇ. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಕಾಣುವುದಿಲ್ಲ. ಯೂನಿಕೋಡ್ ಬಂದ ಮೇಲೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಸಿಕ್ಕಿತು. ಹಾಗಾಗಿ ಯೂನಿಕೋಡಿನಲ್ಲಿ ಬರೆದದ್ದು ಯಾವ ಓಎಸ್‌ಗೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ. ಹಳೆಯದನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇವೆ. ನಾವು ಆ 300 ಪುಟವನ್ನೂ ಬದಲಾಯಿಸಿದೆವು. ಕೆಲವು ಒತ್ತಕ್ಷರ ತಪ್ಪಿದ್ದವು, ಅವರೇ ಕೂತು ತಿದ್ದಿಕೊಂಡರು. ನಿಮ್ಮಲ್ಲಿ ಅಂಥ ಹಳೆಯ ಫೈಲುಗಳಿದ್ದರೆ ಹಳೆಯ ಕಂಪ್ಯೂಟರ್ ಕೈಬಿಡುವ ಮುಂಚೆಯೇ ಈ ಕೆಲಸ ಮುಗಿಸಿ. ಡಿಟಿಪಿ ಅಂಗಡಿ ನಡೆಸುವವರ ಕಷ್ಟ ಬೇರೆ. ಅವರು ಪುಟ ಜೋಡಿಸಲು ಬಳಸುವ ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ಬಾರದು. ಅದನ್ನೇ ನೆಚ್ಚಿಕೊಂಡಿರುವವರೆಗೆ ಅವರಿಗೆ ವಿಂಡೋಸ್ ಬಿಟ್ಟು ದಾರಿ ಇಲ್ಲ.

ಕೀಲಿಮಣೆಯ ವಿಷಯವೂ ಮುಖ್ಯ. ಬೆರಳಿಗೆ ಅಭ್ಯಾಸವಾದದ್ದನ್ನು ಬಿಡುವುದು ಕಷ್ಟ. ಕೆ.ಪಿ. ರಾವ್ ಅವರು ಹಾಕಿಕೊಟ್ಟ ದಾರಿಯಲ್ಲಿ ಬಂದ ಕಗಪ ಜೋಡಣೆ ನಿಮಗೆಲ್ಲ ಗೊತ್ತು, ಒತ್ತಕ್ಷರಕ್ಕೆ ನಡುವೆ ಎಫ್ ಒತ್ತುತ್ತೀರಲ್ಲ, ಅದೇ. ಸಂತೋಷದ ವಿಷಯ ಏನಂದರೆ ಲಿನಕ್ಸ್‌ನಲ್ಲಿ ಕಗಪ ಓಎಸ್ ಒಳಗೇ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಆರಿಸಿದರಾಯಿತು, ಬೇರೇನೂ ಹಾಕಬೇಕಿಲ್ಲ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಅನ್ನುವ ಬೇರೊಂದು ಕೀಲಿ ಜೋಡಣೆ ಮೊದಲಿಂದ ಇತ್ತು. 2019ರಲ್ಲಿ ವಿಂಡೋಸ್ 10ಕ್ಕೆ ಕನ್ನಡ ಫೊನೆಟಿಕ್ ಕೂಡ ಬಂತು, ಇಂಗ್ಲಿಷ್‌ನಲ್ಲಿ ಬರೆಯುವ ಹಾಗೆ ಒತ್ತಿದರೆ ಕನ್ನಡ ಮೂಡುತ್ತದೆ. ಅದು ಕಗಪ ಅಲ್ಲ. ಕಗಪವೇ ಬೇಕೆಂದರೆ ವಿಂಡೋಸ್‌ನಲ್ಲಿ ನುಡಿ ಹಾಕಿಕೊಳ್ಳಿ. ಮ್ಯಾಕ್‌ನಲ್ಲಿಯೂ ಕನ್ನಡದ ಕೀಲಿಮಣೆ, ಫಾಂಟುಗಳು ಕಾಸಿಲ್ಲದೆ ಜೊತೆಗೇ ಬರುತ್ತವೆ.

ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಕೀಲಿಮಣೆ ಹಾಕಿಸಿ. "ಸೂರ್ಯ" ಅಂತ ಬರೆಯಿರಿ, "ರ‍್ಯಾಂಕ್" ಅಂತ ಬರೆಯಿರಿ. ಮೊದಲನೆಯದರಲ್ಲಿ ಅರ್ಕಾವತ್ತು ಬರಬೇಕು, ಎರಡನೆಯದರಲ್ಲಿ ರ ಹಾಗೇ ನಿಂತು ಕೆಳಗೆ ಯ ಒತ್ತು ಬರಬೇಕು. ಎರಡನೆಯದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕಾಗುತ್ತದೆ, ಕೆಲವು ಕೀಲಿಮಣೆಗಳಲ್ಲಿ ಅದನ್ನು ಹುಡುಕುವುದೇ ಕಷ್ಟ. ದಿನಾ ಕನ್ನಡ ಬರೆಯುವವರು ಈ ಎರಡು ಪದ ಬರೆದು ನೋಡದೆ ದುಡ್ಡು ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ. 60 ಸಾವಿರ ಕೊಡುವವರು ಐದು ನಿಮಿಷ ಕನ್ನಡ ಕೇಳಿದರೆ ತಪ್ಪಿಲ್ಲ. ನಾವು ಕೇಳುತ್ತಾ ಹೋದರೆ ಅಂಗಡಿಯ ಹುಡುಗರೂ ಕಲಿಯುತ್ತಾರೆ.

ಆಮೇಲೆ ಪ್ರಶ್ನೆಗಳು ಬಂದವು. ಎಲ್ಲವನ್ನೂ ಬರೆಯುವುದಿಲ್ಲ.

ಒಬ್ಬ ತಾಯಿ ಕೇಳಿದರು: "ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರ್ತಿದ್ದಾನೆ. ಈಗಲೇ ಕೊಡಿಸಬೇಕಾ?" ಮೊದಲ ಸೆಮಿಸ್ಟರ್ ಮುಗಿಯುವವರೆಗೆ ಕಾಯಿರಿ ಅಮ್ಮ ಅಂದೆ. ಅಷ್ಟರಲ್ಲಿ ಸೀನಿಯರ್‌ಗಳು ಏನು ಬಳಸುತ್ತಾರೆ ಅಂತ ಅವನಿಗೇ ಗೊತ್ತಾಗುತ್ತದೆ. ಕೊಳ್ಳುವಾಗ ವಿಂಡೋಸ್ ಇರಲಿ, ರ‍್ಯಾಮ್ 16 ಜಿಬಿ ಇರಲಿ. 8 ಜಿಬಿಯದ್ದೇ ಕೈಗೆಟುಕುವುದಾದರೆ, ಮುಂದೆ ಹೆಚ್ಚಿಸಲು ಒಳಗೆ ಜಾಗ ಇದೆಯಾ ಅಂತ ಕೇಳಿ.

ಒಬ್ಬ ಹುಡುಗ: "ಎರಡೂ ಹಾಕಬಹುದಾ ಸರ್, ವಿಂಡೋಸ್ ಮತ್ತು ಲಿನಕ್ಸ್?" ಹಾಕಬಹುದು. ವಿಂಡೋಸ್ ಮೊದಲೇ ಇರಲಿ, ಅದರ ಒಳಗಿಂದಲೇ ಡಿಸ್ಕಿನಲ್ಲಿ 50, 60 ಜಿಬಿ ಖಾಲಿ ಮಾಡಿಕೊಂಡು ಅಲ್ಲಿ ಲಿನಕ್ಸ್ ಹಾಕು. ಶುರು ಮಾಡುವ ಮುಂಚೆ ಫೈಲುಗಳ ಪ್ರತಿ ಬೇರೆ ಕಡೆ ಇಡು. ನಾನು ಹೇಳಿದ ಆ 48 ಅಂಕಿ ಕೈಯಲ್ಲಿ ಇಲ್ಲದೆ ಕೈ ಹಾಕಬೇಡ.

ಹಿಂದಿನ ಸಾಲಿನಿಂದ ಒಬ್ಬ ನಿವೃತ್ತ ಮೇಷ್ಟ್ರು ಎದ್ದು ನಿಂತರು. "ನನಗೆ 71. ಇಮೇಲ್ ನೋಡಬೇಕು, ಲೇಖನ ಬರೆಯಬೇಕು, ಮೊಮ್ಮಕ್ಕಳ ಜೊತೆ ಮಾತಾಡಬೇಕು. ನೀವು ಹೇಳಿದ ಮೂರರಲ್ಲಿ ನನಗೆ ಯಾವುದಪ್ಪಾ?" ನಾನು ಅವರನ್ನೇ ಕೇಳಿದೆ: ಮೇಷ್ಟ್ರೇ, ಕಂಪ್ಯೂಟರ್ ಕೈಕೊಟ್ಟರೆ ನೀವು ಯಾರನ್ನು ಕರೆಯುತ್ತೀರಿ? "ಪಕ್ಕದ ಮನೆ ಹುಡುಗಿ, ಡಿಪ್ಲೊಮಾ ಓದ್ತಾಳೆ." ಅವಳ ಹತ್ತಿರ ಯಾವುದಿದೆ? "ಅದೇನೋ ಮಿಂಟ್ ಅಂತಾಳೆ." ಹಾಗಿದ್ದರೆ ನಿಮಗೂ ಮಿಂಟೇ ಸರಿ ಅಂದೆ. ನಿಮ್ಮ ಮೂರೂ ಕೆಲಸ ಅದರಲ್ಲಿ ಆಗುತ್ತದೆ, ಕಗಪ ಇದೆ, ಕೂಗಿದರೆ ಓಡಿ ಬರುವವಳಿಗೆ ಅದು ಗೊತ್ತಿದೆ. ಆ ಹುಡುಗಿ ವಿಂಡೋಸ್ ಬಳಸುತ್ತಿದ್ದರೆ ವಿಂಡೋಸ್ ಅಂತಲೇ ಹೇಳುತ್ತಿದ್ದೆ.

ಮುಂದಿನ ಭಾನುವಾರ ಬೆಳಿಗ್ಗೆ 10ಕ್ಕೆ ಇದೇ ಕೋಣೆಯಲ್ಲಿ ಪೆನ್‌ಡ್ರೈವ್‌ಗೆ ಲಿನಕ್ಸ್ ಬರೆದುಕೊಡುತ್ತೇನೆ, ಹಳೆಯ ನುಡಿ ಫೈಲುಗಳನ್ನು ಯೂನಿಕೋಡ್‌ಗೆ ಬದಲಾಯಿಸಿಕೊಡುತ್ತೇನೆ. 8 ಜಿಬಿಯ ಖಾಲಿ ಪೆನ್‌ಡ್ರೈವ್ ಸಾಕು, ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದನ್ನೂ ತನ್ನಿ. ಚಾರ್ಜರ್ ಮರೆಯಬೇಡಿ, ಹಳೆಯದರಲ್ಲಿ ಬ್ಯಾಟರಿ ನಿಲ್ಲುವುದಿಲ್ಲ.